ಓದುಗರ ಪ್ರಶ್ನೆ: ಬೆಳೆಗಾರರಿಗೊಂದು ದರ, ದಲಾಲಿ ಅಂಗಡಿಗೊಂದು ದರ

ಪ್ರಶ್ನೆ: ಅಡಿಕೆ ಧಾರಣೆ ಮತ್ತು ತೋಟದ ಲೆಕ್ಕಕ್ಕಾಗಿ ವೆಬ್ ಸೇವೆ ಮಾಡಿದ್ದೇವೆ. ಎಲ್ಲರಿಗೂ ತಿಂಗಳಿಗೆ 99 ರೂ. ಬೆಳೆಗಾರರು ಎರಡೇ ತಿಂಗಳಿಗೆ ಬಿಡುತ್ತಾರೆ, ದಲಾಲರು ‘ಇಷ್ಟು ಅಗ್ಗವೇ’ ಎಂದು ಅನುಮಾನಿಸುತ್ತಾರೆ. ಏನು ಮಾಡೋಣ? – ಓದುಗರು, ಶಿರಸಿ

ಉತ್ತರ: ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಧಾರಣೆ ವಾಟ್ಸ್ಆ್ಯಪ್‌ನಲ್ಲಿ ಪುಕ್ಕಟೆ ಬರುತ್ತದೆ, ಅದಕ್ಕೆ ಯಾರೂ ದುಡ್ಡು ಕೊಡರು. ಅದನ್ನು ಉಚಿತವಾಗಿಡಿ, ಲೆಕ್ಕಕ್ಕೆ ಮಾತ್ರ ದರ ಹಾಕಿ.

ಬೆಳೆಗಾರರ ಕೈಯಲ್ಲಿ ಹಣ ಓಡಾಡುವುದು ಅಡಿಕೆ ಮಾರಿದಾಗ. ಮಳೆಗಾಲದಲ್ಲಿ ತಿಂಗಳ ಕಂತು ಕೇಳಿದರೆ ಬಿಡದೆ ಏನು ಮಾಡಿಯಾರು? ಸುಗ್ಗಿಯ ಹೊತ್ತಿಗೆ ವರ್ಷಕ್ಕೊಮ್ಮೆ 499 ರೂ. ಪಡೆಯಿರಿ, ಜಿಎಸ್‌ಟಿ ಒಳಗೇ ಸೇರಿರಲಿ. ಅದರೊಳಗಿನ ಶೇ. 18ರ ತೆರಿಗೆ ಕಳೆದರೆ 422.88 ರೂ., ಆನ್‌ಲೈನ್ ಪಾವತಿ ನಡೆಸಿಕೊಡುವ ಗೇಟ್‌ವೇ ಶುಲ್ಕ ಶೇ. 2 ಎಂದು ಹಿಡಿದರೆ ಕೈಗೆ ಸುಮಾರು 413 ರೂ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವಂತೆಯೂ ಇಲ್ಲ. ಆದರೆ ದಾಟಿದ ದಿನ 499ರೊಳಗಿನ ತೆರಿಗೆಯ 76 ರೂ. ನಿಮ್ಮ ಜೇಬಿನಿಂದಲೇ ಹೋಗುತ್ತದೆ, ಈಗಲೇ ಲೆಕ್ಕ ಹಾಕಿಕೊಳ್ಳಿ.

ನೋಂದಣಿ ಆದ ಮೇಲೆ ದಲಾಲಿ ಅಂಗಡಿಗೆ ‘ಇಷ್ಟು ರೂಪಾಯಿ, ಜಿಎಸ್‌ಟಿ ಪ್ರತ್ಯೇಕ’ ಎಂದೇ ಹೇಳಿ. ಜಿಎಸ್‌ಟಿ ನೋಂದಾಯಿತರು ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ, ಅವರಿಗದು ಭಾರವಲ್ಲ. ಬಿಲ್ಲಿನಲ್ಲಿ ಅವರ ಜಿಎಸ್‌ಟಿ ಸಂಖ್ಯೆ ತಪ್ಪಿದರೆ ಮಾತ್ರ ಜಗಳ ಖಂಡಿತ. ಬಳಸುವವರ ತಲೆ ಎಣಿಸಿ ದರ ಹಾಕಬೇಡಿ: ಗುಮಾಸ್ತರು ನಾಲ್ವರಿದ್ದರೂ ಪಾಸ್‌ವರ್ಡ್ ಒಂದೇ ಇರುತ್ತದೆ! ಅಂಗಡಿ ತಿಂಗಳಿಗೆ ಮಾಡುವ ಬಿಲ್ಲುಗಳ ಸಂಖ್ಯೆಗೆ ಹಂತ ಮಾಡಿ: 200 ಬಿಲ್ಲಿನವರೆಗೆ ಒಂದು ದರ, 1,000ದವರೆಗೆ ಇನ್ನೊಂದು.

ಸಹಕಾರಿ ಸಂಘಗಳಿಗೆ ಆಟೋಪೇ, ಅಂದರೆ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ, ಹಿಡಿಸುವುದಿಲ್ಲ. ಕೊಟೇಶನ್, ಆಡಳಿತ ಮಂಡಳಿಯ ಒಪ್ಪಿಗೆ, ಆಮೇಲೆ ಚೆಕ್ಕು. ಏಪ್ರಿಲ್‌ಗೆ ಸೇವೆ ಶುರುವಾಗಬೇಕಿದ್ದರೆ ಕೊಟೇಶನ್ ಜನವರಿಯಲ್ಲೇ ತಲುಪಲಿ.

ಪ್ರಶ್ನೆ: ನಮ್ಮ ಟ್ಯೂಷನ್ ವಿಡಿಯೊ ಸೇವೆಯ ದರವನ್ನು 149ರಿಂದ 199 ರೂ.ಗೆ ಏರಿಸಿದೆವು. ಆಟೋಪೇ ಸಾಲುಸಾಲಾಗಿ ವಿಫಲವಾಗುತ್ತಿದೆ. – ಓದುಗರು, ಕಾರವಾರ

ಉತ್ತರ: ಗ್ರಾಹಕರು ಒಪ್ಪಿಗೆ ಕೊಟ್ಟಾಗ ಗರಿಷ್ಠ ಮೊತ್ತ 149 ಎಂದೇ ದಾಖಲಾಗಿರಬೇಕು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಬ್ಯಾಂಕು ಬಿಡುವುದಿಲ್ಲ, ಹೊಸ ಒಪ್ಪಿಗೆಯೇ ಬೇಕು. ಹಳಬರಿಗೆ ಈ ಶೈಕ್ಷಣಿಕ ವರ್ಷ 149 ಮುಂದುವರಿಸಿ, ಜೂನ್‌ನಲ್ಲಿ ಹೊಸ ತರಗತಿಗೆ ಸೇರುವಾಗ ಒಪ್ಪಿಗೆ ಪಡೆಯಿರಿ. ಆಗ ಗರಿಷ್ಠ ಮೊತ್ತ 300 ಇಡಿ, ‘ಕಡಿತವಾಗುವುದು 199 ಮಾತ್ರ’ ಎಂದು ಪಕ್ಕದಲ್ಲೇ ಬರೆಯಿರಿ. ಬರೆಯದಿದ್ದರೆ 300 ಕಂಡವರು ಅಲ್ಲಿಂದಲೇ ಹಿಂದಿರುಗುತ್ತಾರೆ.