ಪ್ರತಿಕ್ರಿಯೆ: ಚಾಲಕರಹಿತ ಕಾರುಗಳ ಅಪಘಾತ ದರ ಹೆಚ್ಚಾಗಿ ಕಾಣುವುದೇಕೆ?
ನಿಮ್ಮ ಕೋಷ್ಟಕದಲ್ಲಿ ಚಾಲಕರಹಿತ ಕಾರುಗಳ ಅಪಘಾತ ದರ ಮನುಷ್ಯರದಕ್ಕಿಂತ ಹೆಚ್ಚಾಗಿರುವುದಕ್ಕೆ ಬಹುಶಃ ಎಣಿಕೆಯ ವ್ಯತ್ಯಾಸವೇ ಕಾರಣ. ಅಮೆರಿಕದ 2021ರ ಆದೇಶದಿಂದಾಗಿ ಇಂಥ ಕಾರುಗಳ ಸಣ್ಣ ಡಿಕ್ಕಿಗಳೂ ದಾಖಲಾದವು; ಕೆಂಪು ದೀಪಕ್ಕೆ ನಿಂತಿದ್ದಾಗ ಹಿಂದಿನವರು ಬಂದು ಗುದ್ದಿದರೂ ಅದು ಲೆಕ್ಕಕ್ಕೆ ಸೇರುತ್ತದೆ. ನಾವಾದರೋ ಬಂಪರ್ ಗೀಚಿದ್ದಕ್ಕೆ ಪೊಲೀಸರ ಬಳಿ ಹೋಗುವುದು ಅಪರೂಪ.

ಮೊದಲು, ಚಾಲಕನ ನಿಗಾ ಬೇಕಾದ 2ನೇ ಹಂತದ ಸಹಾಯಕ ವ್ಯವಸ್ಥೆಗಳನ್ನು ಪಟ್ಟಿಯಿಂದ ತೆಗೆಯಿರಿ. ಆಮೇಲೆ ಎರಡೂ ಕಡೆ ಗಾಯವಾದ ಅಥವಾ ಏರ್‌ಬ್ಯಾಗ್ ತೆರೆದುಕೊಂಡ ಅಪಘಾತಗಳನ್ನಷ್ಟೇ ಉಳಿಸಿಕೊಂಡು, ಒಂದೇ ಬಗೆಯ ರಸ್ತೆಗಳಲ್ಲಿ ಕ್ರಮಿಸಿದ ದೂರದಿಂದ ಭಾಗಿಸಿ. ಹೆದ್ದಾರಿಯನ್ನು ನಗರದೊಂದಿಗೆ ಬೆರೆಸಿ ನಾನೂ ಒಮ್ಮೆ ಎಡವಿದ್ದೇನೆ. ಸಾವಿನ ಕಾಲಂ ಸದ್ಯಕ್ಕೆ ಬಿಡಿ: ಅಮೆರಿಕದಲ್ಲಿ ಮನುಷ್ಯರ ಚಾಲನೆಯಲ್ಲೇ ಸಾವಿನ ದರ 10 ಕೋಟಿ ಮೈಲಿಗೆ ಒಂದಕ್ಕಿಂತ ತುಸು ಹೆಚ್ಚಷ್ಟೇ ಇರುವುದರಿಂದ, ಚಾಲಕರಹಿತ ಕಾರುಗಳು ಈವರೆಗೆ ಓಡಿದ ದೂರದಲ್ಲಿ ಖಚಿತ ತೀರ್ಮಾನ ಸಿಗದು.