ಆಟದಂಗಳ – ಓದುಗರ ಪ್ರಶ್ನೆಗಳಿಗೆ ಉತ್ತರ: ರೋಲರ್ ಡರ್ಬಿ, ಆಡುವವರೇ ನಡೆಸುವ ಆಟ

ಪ್ರಶ್ನೆ: ಅಮೆರಿಕದ ರೋಲರ್ ಡರ್ಬಿ ಪಂದ್ಯವೊಂದನ್ನು ಮೊಬೈಲಿನಲ್ಲಿ ನೋಡಿದೆ. ಸ್ಕೇಟ್ ಕಟ್ಟಿದ ಹೆಂಗಸರು ಒಬ್ಬರಿಗೊಬ್ಬರು ಗುದ್ದಿ ಬೀಳಿಸುತ್ತಾರೆ, ಚೆಂಡೇ ಇಲ್ಲ. ಅಂಕ ಹೇಗೆ ಬರುತ್ತದೆ? ಟಿವಿ ಕುಸ್ತಿಯಂತೆ ಇದೂ ಮೊದಲೇ ಮಾತಾಡಿಕೊಂಡು ಆಡುವುದೇ?
– ಓದುಗರು, ದಾವಣಗೆರೆ

ಉತ್ತರ: ಕಬಡ್ಡಿ ಗೊತ್ತಿದ್ದವರಿಗೆ ಈ ಆಟ ಬೇಗ ಅರ್ಥವಾಗುತ್ತದೆ. ಹೆಲ್ಮೆಟ್ ಮೇಲೆ ನಕ್ಷತ್ರದ ಟೊಪ್ಪಿಗೆ ತೊಟ್ಟವರು ಜ್ಯಾಮರ್, ತಂಡಕ್ಕೊಬ್ಬರು. ರೈಡರ್ ಇದ್ದ ಹಾಗೆ. ಅವರ ಜೊತೆ ತಂಡಕ್ಕೆ ನಾಲ್ವರು ಬ್ಲಾಕರ್‌ಗಳು. ಅವರಲ್ಲಿ ಒಬ್ಬರು ಪಟ್ಟೆಯ ಟೊಪ್ಪಿಗೆ ತೊಟ್ಟು ಪಿವಟ್ ಆಗಬಹುದು. ಅಗತ್ಯ ಬಿದ್ದಾಗ ಜ್ಯಾಮರ್ ತನ್ನ ನಕ್ಷತ್ರದ ಟೊಪ್ಪಿಗೆಯನ್ನು ಪಿವಟ್ ಕೈಗೆ ಕೊಟ್ಟು ಅವರನ್ನೇ ಜ್ಯಾಮರ್ ಮಾಡಬಹುದು. ಜ್ಯಾಮರ್ ಎದುರಾಳಿ ಬ್ಲಾಕರ್‌ಗಳನ್ನು ದಾಟಿ ಮುಂದೆ ಹೋಗಬೇಕು. ಮೊದಲ ಸಲ ದಾಟಿದ್ದಕ್ಕೆ ಅಂಕವಿಲ್ಲ. ಸುತ್ತು ಹಾಕಿ ಮತ್ತೆ ಬಂದಾಗ ದಾಟಿದ ಪ್ರತಿ ಎದುರಾಳಿ ಬ್ಲಾಕರ್‌ಗೆ ಒಂದು ಅಂಕ, ಒಂದು ಸುತ್ತಿಗೆ ಹೆಚ್ಚೆಂದರೆ 4. ತಪ್ಪಿಲ್ಲದೆ ಬ್ಲಾಕರ್‌ಗಳನ್ನು ದಾಟಿ ಮೊದಲು ಹೊರಬಿದ್ದ ಜ್ಯಾಮರ್‌ಗೆ ಆ ಸರದಿಯನ್ನು ನಿಲ್ಲಿಸುವ ಹಕ್ಕು ಸಿಗುತ್ತದೆ. ಎರಡೂ ಕೈಯಲ್ಲಿ ಸೊಂಟ ತಟ್ಟಿಕೊಂಡರೆ ಅದು ಮುಗಿದಂತೆ. ಸರದಿಗೆ ಜ್ಯಾಮ್ ಎನ್ನುತ್ತಾರೆ, ಅವಧಿ ಗರಿಷ್ಠ 2 ನಿಮಿಷ. ಪಂದ್ಯ 30 ನಿಮಿಷದ ಎರಡು ಭಾಗ.

ಬೆನ್ನಿಗೆ, ತಲೆಗೆ, ತೊಡೆಯ ಮಧ್ಯಭಾಗದಿಂದ ಕೆಳಗೆ ಹೊಡೆಯುವಂತಿಲ್ಲ. ಮೊಣಕೈ ಬೀಸುವಂತಿಲ್ಲ. ತಪ್ಪಿದರೆ 30 ಸೆಕೆಂಡು ಹೊರಗೆ ಕೂರಬೇಕು, 7 ತಪ್ಪಾದರೆ ಪಂದ್ಯದಿಂದಲೇ ಹೊರಗೆ. ಜ್ಯಾಮರ್ ಹೊರಗೆ ಕೂತ ಆ 30 ಸೆಕೆಂಡಿನಲ್ಲಿ ಎದುರು ತಂಡ ಎಂಟು ಹತ್ತು ಅಂಕ ಬಾಚಬಹುದು. ಆದ್ದರಿಂದ ಈ ಆಟದಲ್ಲಿ ಬಲಕ್ಕಿಂತ ಶಿಸ್ತಿಗೆ ಬೆಲೆ ಹೆಚ್ಚು. ಇಂದಿನ ಡರ್ಬಿಯಲ್ಲಿ ಮೊದಲೇ ಗೊತ್ತುಮಾಡಿಕೊಂಡ ಫಲಿತಾಂಶವಿಲ್ಲ. ಹಳೆಯ ಟಿವಿ ಕಾಲದ ಡರ್ಬಿಯಲ್ಲಿ ನಾಟಕ ಬೆರೆತಿತ್ತು, ನಿಮ್ಮ ಅನುಮಾನದ ಬೇರು ಅಲ್ಲಿದೆ.

ಪ್ರಶ್ನೆ: ಹಾಗಾದರೆ ಹಳೆಯದು ಯಾವುದು, ಇಂದಿನದು ಯಾವುದು? ಆಟಗಾರರೇ ಲೀಗ್‌ನ ಒಡೆಯರು ಎನ್ನುತ್ತಾರಲ್ಲ, ಅದು ಹೇಗೆ?
– ಓದುಗರು, ಧಾರವಾಡ

ಉತ್ತರ: 1935ರ ಆಗಸ್ಟ್‌ನಲ್ಲಿ ಷಿಕಾಗೊದ ಕೊಲಿಸಿಯಂನಲ್ಲಿ ಲಿಯೊ ಸೆಲ್ಟ್ಜರ್ ಶುರು ಮಾಡಿದ್ದು ದಿನಗಟ್ಟಲೆ ಸುತ್ತುವ ಓಟ. ಗಂಡೊಬ್ಬ ಹೆಣ್ಣೊಬ್ಬಳು ಜೋಡಿಯಾಗಿ ಸರದಿಯ ಮೇಲೆ ಓಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದು ಮೈತಾಗಿಸುವ ಆಟವಾಯಿತು. ಗಂಡಸರಿಗೂ ಹೆಂಗಸರಿಗೂ ನಿಯಮ ಒಂದೇ, ಅಂಕ ಒಂದೇ ಲೆಕ್ಕಕ್ಕೆ ಸೇರುತ್ತಿತ್ತು. ಆ ಕಾಲಕ್ಕೆ ಇದು ದೊಡ್ಡ ಮಾತು. 1948ರಲ್ಲಿ ಟಿವಿಗೆ ಬಂದು ಮನೆಮಾತಾಯಿತು. ಆದರೆ ಒಡೆತನ ಸೆಲ್ಟ್ಜರ್ ಕುಟುಂಬದ್ದು. 1973ರಲ್ಲಿ ಮಗ ಜೆರ್ರಿ ಸೆಲ್ಟ್ಜರ್ ಬಾಗಿಲು ಹಾಕಿದಾಗ ಆಟಗಾರರು ಮಾಡುವಂಥದ್ದು ಏನೂ ಇರಲಿಲ್ಲ.

ಮರುಹುಟ್ಟು 2001ರಲ್ಲಿ, ಟೆಕ್ಸಸ್‌ನ ಆಸ್ಟಿನ್ ಊರಿನಲ್ಲಿ. ಕರೆದು ಕೂಡಿಸಿದ ಆಯೋಜಕ ನಡುವೆ ಬಿಟ್ಟುಹೋದ. ಸೇರಿದ್ದ ಹೆಂಗಸರು ತಾವೇ ಮುಂದುವರಿಸಿದರು. 2003ರಲ್ಲಿ ಅವರೊಳಗೇ ಜಗಳವಾಯಿತು: ಲೀಗ್ ಕೆಲವೇ ಒಡತಿಯರದ್ದೋ, ಬೆವರು ಸುರಿಸುವ ಎಲ್ಲರದ್ದೋ? ಹೆಚ್ಚಿನವರು ಹೊರಬಂದು ‘ಟೆಕ್ಸಸ್ ರೋಲರ್‌ಗರ್ಲ್ಸ್’ ಕಟ್ಟಿದರು. ಓರೆಯಾಗಿ ಎತ್ತರಿಸಿದ ಮರದ ಟ್ರ್ಯಾಕ್ ಹಿಂದೆ ಉಳಿದವರ ಪಾಲಾಯಿತು, ಹೊರಬಂದವರು ಸಮತಟ್ಟಾದ ನೆಲದ ಮೇಲೇ ಆಡಿದರು. ಡರ್ಬಿ ಜಗತ್ತಿಗೆ ಹಬ್ಬಿದ್ದೇ ಈ ಬದಲಾವಣೆಯಿಂದ. ಮರದ ಟ್ರ್ಯಾಕಿಗೆ ಹಣ, ಗೋದಾಮು, ಬಡಗಿ ಎಲ್ಲ ಬೇಕು. ಸಮತಟ್ಟಿಗೆ ಟೇಪು ಸಾಕು.

2004ರಲ್ಲಿ ಇಂಥ ಲೀಗ್‌ಗಳು ಒಕ್ಕೂಟ ಮಾಡಿಕೊಂಡವು. ಅದೇ ಇಂದಿನ ಡಬ್ಲ್ಯುಎಫ್‌ಟಿಡಿಎ (ವಿಮೆನ್ಸ್ ಫ್ಲಾಟ್ ಟ್ರ್ಯಾಕ್ ಡರ್ಬಿ ಅಸೋಸಿಯೇಷನ್). ನಿಯಮಗಳು ಸದಸ್ಯ ಲೀಗ್‌ಗಳ ಮತದಿಂದ ಬದಲಾಗುತ್ತವೆ. ಬಹುತೇಕ ಆಟಗಾರರಿಗೆ ಸಂಬಳವಿಲ್ಲ. ಅವರೇ ತಿಂಗಳ ಚಂದಾ ಕೊಡುತ್ತಾರೆ, ಟಿಕೆಟ್ ಮಾರುತ್ತಾರೆ, ಕುರ್ಚಿ ಜೋಡಿಸುತ್ತಾರೆ. ಆಡದವರಿಗೂ ಸಮಾನ ಜಾಗವಿದೆ: ಒಂದು ಪಂದ್ಯಕ್ಕೆ ಸ್ಕೇಟ್ ಮೇಲಿನ ರೆಫ್ರಿಗಳು 7 ಮಂದಿಯವರೆಗೆ, ಜೊತೆಗೆ ಗಡಿಯಾರ, ಅಂಕ, ತಪ್ಪುಗಳ ಲೆಕ್ಕ ಇಡುವ ದೊಡ್ಡ ಗುಂಪೇ ಬೇಕು.

ಪ್ರಶ್ನೆ: ಟ್ರಾನ್ಸ್ ಮಹಿಳೆಯರೂ ಇಲ್ಲಿ ಆಡುತ್ತಾರಂತೆ. ಯಾವ ನಿಯಮದಡಿ?
– ಓದುಗರು, ಮಂಗಳೂರು

ಉತ್ತರ: ಆಡುತ್ತಾರೆ. 2011ರ ಮೊದಲ ನಿಯಮ ಹಾರ್ಮೋನು ಪ್ರಮಾಣ ಕೇಳುತ್ತಿತ್ತು. 2015ರಲ್ಲಿ ಡಬ್ಲ್ಯುಎಫ್‌ಟಿಡಿಎ ಅದನ್ನು ತೆಗೆದುಹಾಕಿತು. ಟ್ರಾನ್ಸ್ ಮಹಿಳೆಯರು, ಇಂಟರ್‌ಸೆಕ್ಸ್ ಮಹಿಳೆಯರು, ಗಂಡು–ಹೆಣ್ಣು ಎಂಬ ಎರಡೇ ಚೌಕಟ್ಟಿಗೆ ಒಗ್ಗದವರು, ಮಹಿಳಾ ಡರ್ಬಿಯೇ ತಮಗೆ ಹೆಚ್ಚು ಹೊಂದುವ ಜಾಗ ಎಂದುಕೊಂಡರೆ ಆಡಬಹುದು. ವೈದ್ಯರ ಚೀಟಿ ಬೇಡ.

ಇದು ಬರಿಯ ಕಾಗದದ ಮಾತಲ್ಲ. ನ್ಯೂಯಾರ್ಕ್ ರಾಜ್ಯದ ‘ಲಾಂಗ್ ಐಲೆಂಡ್ ರೋಲರ್ ರೆಬೆಲ್ಸ್’ ಲೀಗ್ 2005ರಿಂದ ಇದೆ. 2024ರ ಫೆಬ್ರುವರಿಯಲ್ಲಿ ಅಲ್ಲಿನ ನಾಸೌ ಕೌಂಟಿಯ (ಜಿಲ್ಲೆಯ) ಮುಖ್ಯಸ್ಥರು, ಟ್ರಾನ್ಸ್ ಮಹಿಳೆಯರಿರುವ ಮಹಿಳಾ ತಂಡಗಳಿಗೆ ಕೌಂಟಿಯ ಕ್ರೀಡಾಂಗಣ ಕೊಡುವುದಿಲ್ಲ ಎಂದು ಆದೇಶಿಸಿದರು. ಲೀಗ್ ತನ್ನವರನ್ನು ಬಿಟ್ಟುಕೊಡದೆ ಕೋರ್ಟಿಗೆ ಹೋಯಿತು. ಮೇ ತಿಂಗಳಲ್ಲಿ ನ್ಯಾಯಾಧೀಶರು ಆದೇಶ ರದ್ದು ಮಾಡಿದರು. ಜೂನ್‌ನಲ್ಲಿ ಕೌಂಟಿಯ ಶಾಸನಸಭೆ ಅದನ್ನೇ ಕಾನೂನಾಗಿ ತಂದಿತು. ಜುಲೈನಲ್ಲಿ ಲೀಗ್ ಮತ್ತೆ ದಾವೆ ಹೂಡಿತು. ಚಂದಾ ಎತ್ತಿ ನಡೆಯುವ ಸಣ್ಣ ಲೀಗ್‌ಗೆ ಇದು ಸುಲಭದ ನಿರ್ಧಾರವಲ್ಲ. ಆಡುವವರೇ ಒಡೆಯರಾಗಿದ್ದರಿಂದ ತೀರ್ಮಾನವೂ ಅವರ ಕೈಯಲ್ಲೇ ಇತ್ತು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. 19 ವರ್ಷದ ಮಗಳು ಡರ್ಬಿಗೆ ಸೇರುತ್ತೇನೆ ಎನ್ನುತ್ತಾಳೆ. ಮೈ ಸ್ವಲ್ಪ ದಪ್ಪ. ಆದೀತೆ? ಏನೇನು ಕೊಳ್ಳಬೇಕು?
– ಓದುಗರಾದ ತಾಯಿ

ಉತ್ತರ: ಧಾರಾಳವಾಗಿ ಕಳಿಸಿ, ತಾಯಿ. ದಪ್ಪ ಮೈ ಇಲ್ಲಿ ಕೊರತೆಯಲ್ಲ. ಮೊಣಕಾಲು ಮಡಚಿ ತಗ್ಗಿ ನಿಂತ ಗಟ್ಟಿ ಬ್ಲಾಕರ್ ಅನ್ನು ಅಲುಗಾಡಿಸುವುದು ಕಷ್ಟ. ಕೊಳ್ಳುವ ಮೊದಲು ಲೀಗ್‌ನಲ್ಲಿ ಎರವಲು ಸಾಮಾನು ಉಂಟೇ ಕೇಳಿ, ಎಷ್ಟೋ ಕಡೆ ಇರುತ್ತದೆ. ಕೊಳ್ಳುವುದಾದರೆ ಮೊದಲ ಹಣ ಮೊಣಕಾಲಿನ ಪ್ಯಾಡಿಗೆ ಹಾಕಿ. ಅಗ್ಗದ ಪ್ಯಾಡು ಬಿದ್ದ ಹೊಡೆತಕ್ಕೆ ಕೆಳಗೆ ಜಾರುತ್ತದೆ, ಪೆಟ್ಟು ಮೂಳೆಗೇ ಬೀಳುತ್ತದೆ. ಹೆಲ್ಮೆಟ್, ಮೊಣಕೈ ಮತ್ತು ಮಣಿಕಟ್ಟಿನ ರಕ್ಷಣೆ, ಹಲ್ಲಿನ ಮೌತ್‌ಗಾರ್ಡ್ ಕಡ್ಡಾಯ. ಜೋರಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.

ಸ್ಕೇಟು ನಾಲ್ಕು ಚಕ್ರದ ಕ್ವಾಡ್ ಆಗಿರಬೇಕು; ಒಂದೇ ಸಾಲಿನ ಇನ್‌ಲೈನ್ ನಡೆಯದು. ಬೂಟಿನ ತುದಿಗೆ ಬೆರಳು ತಾಕಬೇಕು, ಮಡಚಬಾರದು. ಸಡಿಲ ಬೂಟಿನಲ್ಲಿ ಹರಡು ಉಳುಕುತ್ತದೆ. ಚಕ್ರದ ಮೇಲಿನ ಸಂಖ್ಯೆ ಅದರ ಗಡಸುತನ: 88ಎ ನೆಲಕ್ಕೆ ಹಿಡಿಯುತ್ತದೆ, 97ಎ ಜಾರುತ್ತದೆ. ಪಾಲಿಶ್ ಮಾಡಿದ ಕಾಂಕ್ರೀಟಿಗೆ ಹೊಸಬರು 88–92 ನಡುವಿನದು ಹಾಕಲಿ. ಎಂಟು ಚಕ್ರಕ್ಕೆ 16 ಬೇರಿಂಗ್ ಇರುತ್ತವೆ. ನೆನೆದರೆ ಅಂದೇ ಬಿಚ್ಚಿ ಒರೆಸಿ ಎಣ್ಣೆ ಬಿಡಬೇಕು. ನಟ್ಟು ಬಿಗಿ ಹೆಚ್ಚಾದರೆ ಚಕ್ರ ತಿರುಗದು. ಪೂರ್ತಿ ಬಿಗಿಮಾಡಿ, ಚಕ್ರ ಕೂದಲೆಳೆಯಷ್ಟು ಅಲುಗುವವರೆಗೆ ಹಿಂದಕ್ಕೆ ತಿರುಗಿಸಿ. ಪ್ರತಿ ಅಭ್ಯಾಸಕ್ಕೂ ಮುನ್ನ ಮುಂಗಾಲಿನ ಟೋ ಸ್ಟಾಪ್ (ನಿಲ್ಲಲು ನೆಲಕ್ಕೆ ಒತ್ತುವ ರಬ್ಬರ್ ಬಿರಡೆ) ಸಡಿಲವಾಗಿದೆಯೇ ನೋಡಲಿ.

ಬೀಳುವುದು, ನಿಲ್ಲುವುದು ಕಲಿತ ಮೇಲೆಯೇ ಗುದ್ದಾಟ ಕಲಿಸುತ್ತಾರೆ. ಬಿದ್ದ ತಕ್ಷಣ ಬೆರಳು ಮಡಚಿ ಮುಷ್ಟಿ ಮಾಡಿಕೊಳ್ಳಬೇಕು, ಇಲ್ಲವಾದರೆ ಹಿಂದಿನಿಂದ ಬಂದವರ ಚಕ್ರ ಬೆರಳ ಮೇಲೆ ಹರಿಯುತ್ತದೆ. ಹರಡು, ಮೊಣಕಾಲಿನ ಗಾಯ ಈ ಆಟದಲ್ಲಿ ಇದ್ದದ್ದೇ. ಆರೋಗ್ಯ ವಿಮೆ ಇಂಥ ಆಟಕ್ಕೆ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಟ್ರ್ಯಾಕ್ ಗುರುತು ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಅಂಕಣದ ಗೆರೆಯೊಳಗೆ ಹಿಡಿಸದು. ಅದು 28 x 15 ಮೀಟರ್. ಟ್ರ್ಯಾಕಿನ ಅಗಲವೇ 55 ಅಡಿ, ಅಂದರೆ 16.8 ಮೀಟರ್. ಉದ್ದ 88 ಅಡಿ. ಸುತ್ತ 10 ಅಡಿ ಖಾಲಿ ಬಿಟ್ಟರೆ 108 x 75 ಅಡಿ ಜಾಗ ಬೇಕು. ಗೆರೆಯಾಚೆ ಅಷ್ಟು ನೆಲ ಇದ್ದರೆ ಹೀಗೆ ಮಾಡಿ. ಜಾಗದ ಉದ್ದಕ್ಕೆ ನಟ್ಟನಡುವೆ ಎಳೆದ ಗೆರೆಯ ಮೇಲೆ 35 ಅಡಿ ಅಂತರದಲ್ಲಿ ಎರಡು ಬಿಂದು ಇಡಿ. ಪ್ರತಿ ಬಿಂದುವಿನಿಂದ 12.5 ಅಡಿ ಹಗ್ಗದಲ್ಲಿ ಅರ್ಧವೃತ್ತ ಎಳೆದು, ತುದಿಗಳನ್ನು ನೇರ ಗೆರೆಯಿಂದ ಸೇರಿಸಿದರೆ ಒಳಗೆರೆ ಆಯಿತು. ಹೊರಗೆರೆಗೆ ಎರಡೂ ಬಿಂದುಗಳನ್ನು ಒಂದೊಂದು ಅಡಿ ಎದುರುಬದುರು ಪಕ್ಕಕ್ಕೆ ಸರಿಸಿ 26.5 ಅಡಿಯ ಅರ್ಧವೃತ್ತ ಎಳೆಯಿರಿ. ಆಗ ಟ್ರ್ಯಾಕ್ ಒಂದು ಕಡೆ 13, ಇನ್ನೊಂದು ಕಡೆ 15 ಅಡಿ ಅಗಲ ಬರುತ್ತದೆ. ಅದು ಅಳತೆಯ ತಪ್ಪಲ್ಲ. ಯಾವ ಬಿಂದು ಯಾವ ಕಡೆಗೆ ಎಂಬುದನ್ನು ನಿಯಮಪುಸ್ತಕದ ನಕ್ಷೆ ನೋಡಿಯೇ ಸರಿಸಿ.

ಗೆರೆಗೆ ಕಾಲು ಇಂಚಿನ ಹಗ್ಗ ಹಾಸಿ ಮೇಲೆ ಟೇಪು ಅಂಟಿಸಿ. ಆಟಗಾರರ ಕಣ್ಣು ಎದುರಾಳಿಯ ಮೇಲಿರುತ್ತದೆ, ಗೆರೆ ಬಂತೆಂದು ಅವರಿಗೆ ಕಾಲಿಗೇ ತಿಳಿಯಬೇಕು. ಹಗ್ಗ ಇನ್ನೂ ದಪ್ಪವಾದರೆ ಚಕ್ರ ಎಡವುತ್ತದೆ. ನೆಲವನ್ನು ಗುಡಿಸಿ, ಒದ್ದೆಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲಷ್ಟೇ ಟೇಪು ಹಾಕಿ. ಧೂಳಿನ ಮೇಲೆ ಅಂಟಿಸಿದ್ದು ಮೊದಲ ದಿನವೇ ಏಳುತ್ತದೆ.