ಮೋಹನದ ಸ್ವರಗಳಿದ್ದರೂ ಮೋಹನ ಕೇಳಿಸದಿದ್ದರೆ

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ, ವೀಣೆಯನ್ನೂ ಕಲಿಯುತ್ತಿದ್ದೇನೆ. ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಮೂರು ನಾಬ್ ಜೋಡಿಸಿ, ತಾನಾಗಿ ಸ್ವರ ಹೆಣೆದು ಲ್ಯಾಪ್‌ಟಾಪಿನ ವರ್ಚುವಲ್ ವಾದ್ಯ ನುಡಿಸುವ ಮಿಡಿ (ಸ್ವರಗಳನ್ನು ಸಂಖ್ಯೆಗಳಾಗಿ ಕಳುಹಿಸುವ ಸಂಕೇತ ಪದ್ಧತಿ) ಕಂಟ್ರೋಲರ್ ಮಾಡಿದ್ದೇನೆ. ನಾಬ್‌ಗಳು ಶ್ರುತಿ, ವೇಗ ಮತ್ತು ಸ್ಥಾಯಿಗೆ. ಮೋಹನದ ಐದು ಸ್ವರಗಳನ್ನಷ್ಟೇ ಕೊಟ್ಟಿದ್ದರೂ ರಾಗದ ಸುಳಿವೇ ಇಲ್ಲ. ಜೊತೆಗೆ ಆಗಾಗ ಒಂದು ಸ್ವರ ನಿಲ್ಲದೆ ಕೂಗುತ್ತಿರುತ್ತದೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಕೂಗುವ ಸ್ವರವನ್ನು ಮೊದಲು ನಿಲ್ಲಿಸೋಣ, ಅದು ಸುಲಭ. ಮಿಡಿಯಲ್ಲಿ ನೋಟ್ ಆನ್ (ಸ್ವರ ಆರಂಭಿಸು) ಕಳುಹಿಸಿದ ಮೇಲೆ ಅದೇ ಸ್ವರಸಂಖ್ಯೆಗೆ ನೋಟ್ ಆಫ್ (ಸ್ವರ ನಿಲ್ಲಿಸು) ಕಳುಹಿಸುವ ಹೊಣೆಯೂ ನಿಮ್ಮ ಪ್ರೋಗ್ರಾಮಿನದೇ. ನನಗೆ ಅನುಮಾನವಿರುವುದು ಶ್ರುತಿಯ ನಾಬ್ ಮೇಲೆ. ಷಡ್ಜ 60 ಆಗಿದ್ದಾಗ ಗಾಂಧಾರ, ಅಂದರೆ 64, ಹೊರಟಿತು ಎನ್ನಿ. ಅದು ನುಡಿಯುತ್ತಿರುವಾಗಲೇ ನೀವು ಷಡ್ಜವನ್ನು 62ಕ್ಕೆ ಏರಿಸಿದಿರಿ. ಪ್ರೋಗ್ರಾಮ್ ಹೊಸ ಲೆಕ್ಕ ಹಿಡಿದು 66ಕ್ಕೆ ಆಫ್ ಕಳುಹಿಸುತ್ತದೆ; 64ನ್ನು ಕೇಳುವವರೇ ಇಲ್ಲ. ಆದ್ದರಿಂದ ಆನ್ ಕಳುಹಿಸಿದ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಆಫ್ ಕಳುಹಿಸುವಾಗ ಮತ್ತೆ ಲೆಕ್ಕ ಹಾಕದೆ ಅದನ್ನೇ ಬಳಸಿ. ನಾಬ್ ಮುಟ್ಟದಿದ್ದರೂ ಬೆಲೆ ಒಂದಂಕಿ ಹಿಂದೆ ಮುಂದೆ ಅಲುಗಾಡುವುದುಂಟು. ಬದಲಾವಣೆ ಒಂದು ಮಿತಿ ದಾಟಿದಾಗ ಮಾತ್ರ ಅದನ್ನು ಒಪ್ಪಿಕೊಳ್ಳಿ.

ಇನ್ನು ರಾಗದ ವಿಚಾರ. ನಿಮ್ಮ ಪ್ರೋಗ್ರಾಮ್ 60, 62, 64, 67, 69 ಎಂಬ ಐದು ಸಂಖ್ಯೆಗಳಲ್ಲಿ ಪ್ರತಿ ಸಲವೂ ಯಾವುದಾದರೊಂದನ್ನು ಸಮಾನ ಅವಕಾಶದಲ್ಲಿ ಹೆಕ್ಕುತ್ತಿರಬೇಕು. ಸ್ವರಗಳ ಪಟ್ಟಿಯೇ ರಾಗವಾಗುವುದಿಲ್ಲ ಎನ್ನುವುದಕ್ಕೆ ಹಿಂದೂಸ್ತಾನಿಯ ಭೂಪಾಲಿ ಮತ್ತು ದೇಶ್‌ಕಾರ್ ಸಾಕ್ಷಿ. ಎರಡಕ್ಕೂ ಇವೇ ಐದು ಸ್ವರ. ಭೂಪಾಲಿಯಲ್ಲಿ ಗಾಂಧಾರ ವಾದಿ, ಅಂದರೆ ಅತಿ ಮುಖ್ಯ ಸ್ವರ; ದೇಶ್‌ಕಾರದಲ್ಲಿ ಧೈವತ. ಎಲ್ಲಿ ನಿಲ್ಲಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದರಲ್ಲಿಯೇ ರಾಗದ ಜೀವವಿದೆ. ಸಮಾನ ಅವಕಾಶ ಕೊಟ್ಟಾಗ ನಾವು ಅಳಿಸಿಹಾಕುವುದು ಅದನ್ನೇ.

ಹಾಗಾಗಿ ಯಾವ ಸ್ವರದ ನಂತರ ಯಾವುದು ಎಷ್ಟು ಸಲ ಬರುತ್ತದೆ ಎಂಬ ಕೋಷ್ಟಕ ಮಾಡಿ. ಗಣಿತದವರು ಇದನ್ನು ಮಾರ್ಕೊವ್ ಸರಪಳಿ ಎನ್ನುತ್ತಾರೆ. ದತ್ತಾಂಶವನ್ನು ಹೊರಗೆ ಹುಡುಕಬೇಕಾಗಿಲ್ಲ, ನಿಮ್ಮ ಸ್ವರಲಿಪಿಯ ಪುಸ್ತಕದಲ್ಲಿಯೇ ಇದೆ. ನೀವು ಕಲಿತ ಮೋಹನದ ಗೀತೆ, ವರ್ಣಗಳನ್ನು ತೆರೆದು ಎಣಿಸುತ್ತಾ ಹೋಗಿ. ಒಂದೇ ಸ್ವರ ಹಿಂದೆ ನೋಡಿದರೆ ಏರುತ್ತಿದ್ದೇವೆಯೋ ಇಳಿಯುತ್ತಿದ್ದೇವೆಯೋ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಎರಡು ಸ್ವರ ಹಿಂದೆ ನೋಡಿ: "ರಿ ಗ" ಆದ ಮೇಲಿನ ನಡೆಯೇ ಬೇರೆ, "ಪ ಗ" ಆದ ಮೇಲಿನ ನಡೆಯೇ ಬೇರೆ. ಆಗ ಕೋಷ್ಟಕದಲ್ಲಿ 125 ಮನೆಗಳಾಗುತ್ತವೆ, ಪಿಕೊಗೆ ಅದು ಹೊರೆಯೇ ಅಲ್ಲ. ಎಣಿಕೆಯಲ್ಲಿ ಸಿಗದ ಜೋಡಿ ಎದುರಾದರೆ ಒಂದು ಸ್ವರದ ಕೋಷ್ಟಕಕ್ಕೆ ಮರಳಲಿ. ಮಂದ್ರ, ತಾರಗಳಿಗೆ ಬೇರೆ ಮನೆ ಬೇಡ. ಮುಂದಿನ ಸ್ವರ ಹಿಂದಿನದಕ್ಕೆ ಹತ್ತಿರದ ಸ್ಥಾಯಿಯಲ್ಲಿ ಬರಲಿ.

ಇಷ್ಟಾದರೂ ಅಲೆದಾಟ ತಪ್ಪುವುದಿಲ್ಲ, ಏಕೆಂದರೆ ಪ್ರೋಗ್ರಾಮಿಗೆ ತಾನು ಈಗಷ್ಟೇ ನುಡಿಸಿದ್ದು ನೆನಪಿಲ್ಲ. ಎಂಟು ಸ್ವರಗಳ ಒಂದು ಸಂಚಾರವನ್ನು ನೆನಪಿನಲ್ಲಿಟ್ಟು ಮತ್ತೆ ಮತ್ತೆ ನುಡಿಸಲಿ, ಪ್ರತಿ ಸುತ್ತಿನಲ್ಲಿ ಒಂದೆರಡು ಸ್ವರ ಮಾತ್ರ ಬದಲಿಸಲಿ. ಎಷ್ಟು ಬದಲಿಸಬೇಕೆಂಬುದನ್ನು ಒಂದು ನಾಬ್‌ಗೆ ವಹಿಸಿ. ಶ್ರುತಿಯನ್ನು ಕಛೇರಿಯ ನಡುವೆ ಯಾರೂ ತಿರುಗಿಸುವುದಿಲ್ಲ, ಅದಕ್ಕೆ ಕೊಟ್ಟ ನಾಬನ್ನೇ ಇದಕ್ಕೆ ಕೊಡಿ. ಇಂಥ ಯಂತ್ರದಲ್ಲಿ ನುಡಿಸುವವರ ಕೈಗೆ ಸಿಗಬೇಕಾದ ಮುಖ್ಯ ಹಿಡಿತ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಎಡಕ್ಕೆ ತಿರುಗಿಸಿದರೆ ಸಂಚಾರ ಸ್ಥಿರ, ಬಲಕ್ಕೆ ಹೋದಂತೆ ಹೊಸತು. ಆಗ ನೀವೂ ಅದರೊಂದಿಗೆ ನುಡಿಸುತ್ತಿರುತ್ತೀರಿ.

ತಾಳಕ್ಕೆ ಲ್ಯಾಪ್‌ಟಾಪಿನ ಮಿಡಿ ಕ್ಲಾಕನ್ನೇ ನೆಚ್ಚಿಕೊಳ್ಳಿ. ಅದು ಒಂದು ಕ್ವಾರ್ಟರ್ ನೋಟ್‌ಗೆ 24 ಮಿಡಿತ ಕಳುಹಿಸುತ್ತದೆ. ಆ ಕ್ವಾರ್ಟರ್ ನೋಟನ್ನು ತಾಳದ ಒಂದು ಅಕ್ಷರವೆಂದುಕೊಂಡರೆ, ಅಕ್ಷರಕ್ಕೆ ನಾಲ್ಕು ಸ್ವರದ ಚತುರಶ್ರ ನಡೆಯಲ್ಲಿ ಆರು ಮಿಡಿತಕ್ಕೊಂದು ಸ್ವರ. ಆದಿತಾಳದ ಸಮದಲ್ಲಿ, ಅಂದರೆ ಆವರ್ತದ ಮೊದಲ ಅಕ್ಷರದಲ್ಲಿ, ಸ, ಗ, ಪ ಬರುವ ಸಾಧ್ಯತೆಯನ್ನು ಹೆಚ್ಚಿಸಿ. ಕಿವಿಗೆ ಕೂಡಲೇ ನೆಲೆ ಸಿಗುತ್ತದೆ.

ವೀಣೆ ಬಲ್ಲ ನಿಮಗೆ ಗಮಕವಿಲ್ಲದೆ ಸಮಾಧಾನವಾಗದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವಾದ ಜಾರುವಿನಿಂದ ಆರಂಭಿಸಿ. ನುಡಿಯುತ್ತಿರುವ ಸ್ವರವನ್ನು ಏರಿಳಿಸುವ ಮಿಡಿ ಸಂದೇಶವಾದ ಪಿಚ್ ಬೆಂಡ್‌ನ ನಡುಬೆಲೆ 8192, ಗರಿಷ್ಠ 16383. ಸಾಮಾನ್ಯವಾಗಿ ವಾದ್ಯಗಳಲ್ಲಿ ಅದರ ವ್ಯಾಪ್ತಿ ಎರಡು ಸೆಮಿಟೋನ್, ಅಂದರೆ ಸರಿಯಾಗಿ ಮೋಹನದ ರಿಷಭದಿಂದ ಗಾಂಧಾರದವರೆಗಿನ ದೂರ. 62ನ್ನು ನುಡಿಸಿ, ಬೆಂಡನ್ನು ಕೆಲವು ಮಿಲಿಸೆಕೆಂಡಿಗೊಮ್ಮೆ ಸ್ವಲ್ಪಸ್ವಲ್ಪವೇ ಏರಿಸಿ. ಮುಂದಿನ ಸ್ವರಕ್ಕೆ ಮೊದಲು 8192ಕ್ಕೆ ಮರಳಿಸಲು ಮರೆಯಬೇಡಿ. ಬೆಂಡ್ ಇಡೀ ಚಾನೆಲ್ಲಿಗೆ ತಗಲುವುದರಿಂದ ತಂಬೂರಿಯನ್ನು ಬೇರೆ ಚಾನೆಲ್ಲಿನಲ್ಲಿಡಿ, ಇಲ್ಲವಾದರೆ ಗಾಂಧಾರದೊಂದಿಗೆ ಷಡ್ಜವೂ ಜಾರುತ್ತದೆ. ನಾದ ಬೇಗ ಆರುವ ಪಿಯಾನೊದಲ್ಲಿ ಜಾರು ತುಂಬಿ ಕೇಳಿಸುವುದಿಲ್ಲ. ನಾದ ಹಿಡಿದು ನಿಲ್ಲುವ ಧ್ವನಿಯನ್ನು ಆರಿಸಿ; ಉಚಿತವಾಗಿ ಸಿಗುವ ಸಿಂಥಸೈಜರ್ ತಂತ್ರಾಂಶ ಸರ್ಜ್ ಎಕ್ಸ್‌ಟಿಯಲ್ಲಿ ಅಂಥವು ಬೇಕಾದಷ್ಟಿವೆ.

ಇವೆಲ್ಲವನ್ನೂ ಒಟ್ಟಿಗೆ ಸೇರಿಸಬೇಡಿ. ಮೊದಲು ಕೋಷ್ಟಕವಷ್ಟೇ ಇರಲಿ. ಅದು ನುಡಿಸಿದ್ದನ್ನು ಧ್ವನಿಮುದ್ರಿಸಿ, ರಾಗದ ಹೆಸರು ಹೇಳದೆ ನಿಮ್ಮ ಗುರುಗಳಿಗೆ ಕೇಳಿಸಿ. ಅವರು ತಪ್ಪೆಂದ ಪ್ರಯೋಗ ಯಾವುದೋ, ಕೋಷ್ಟಕದಲ್ಲಿ ಆ ಮನೆಯ ಅಂಕಿಯನ್ನು ಇಳಿಸಿ.